ಬೆಳಿಗ್ಗೆ ಕಾಡು, ಆಮೇಲೆ ವೈನ್: ಕ್ರಮ ತಪ್ಪಿದರೆ ಎರಡೂ ಕೆಡುತ್ತವೆ

ಸಂಪಾದಕರಿಗೆ,

ಮಾನ್ಯರೇ,

ಗಂಡ ಹೆಂಡತಿ ಇಬ್ಬರೇ ಕಾರು ಹತ್ತಿ, ದಾರಿಯಲ್ಲಿ ಒಂದು ವೈನರಿ ನೋಡಿಕೊಂಡು, ಕಾಡಿಗೂ ಹೋಗಿಬರುವ ಪ್ರವಾಸ ನಮ್ಮಲ್ಲಿ ಈಗ ರೂಢಿಗೆ ಬರುತ್ತಿದೆ. ಬರಲಿ. ನಂದಿಬೆಟ್ಟದ ತಪ್ಪಲು, ಚನ್ನಪಟ್ಟಣದ ಆಸುಪಾಸು, ಕೊಪ್ಪಳದ ಕಲ್ಲುಗುಡ್ಡಗಳ ಸೀಮೆ, ಮೂರೂ ಕಡೆ ವೈನ್ ದ್ರಾಕ್ಷಿಯೂ ಉಂಟು, ಕಾರಿನ ದೂರದಲ್ಲಿ ಹಕ್ಕಿ, ಆನೆ, ಕರಡಿಯೂ ಉಂಟು. ಆದರೆ ಪ್ರವಾಸ ಪುಟಗಳಲ್ಲೂ ಮೊಬೈಲ್ ವಿಡಿಯೊಗಳಲ್ಲೂ ಕೊಡುವ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ: ಮಧ್ಯಾಹ್ನ ವೈನ್ ರುಚಿ, ಸಂಜೆ ಸಫಾರಿ, ರಾತ್ರಿ ಮನೆ. ಈ ಕ್ರಮವೇ ತಪ್ಪು. ಕಾಡು ಮೊದಲಾಗಬೇಕು, ವೈನ್ ಆಮೇಲೆ. ಅಂದು ಸ್ಟಿಯರಿಂಗ್ ಹಿಡಿಯುವವರು ಒಂದು ಗುಟುಕೂ ನುಂಗಬಾರದು. ಎರಡರಲ್ಲೂ ಆಸಕ್ತಿಯಿರುವ ದಂಪತಿಯಾಗಿ, ಹಾಗೆ ಏಕೆ ಹೇಳುತ್ತೇವೆ ಎಂಬುದನ್ನು ಲೆಕ್ಕ ಸಮೇತ ಬರೆಯುತ್ತಿದ್ದೇವೆ.

ಮೊದಲು ಆ ಲೆಕ್ಕವೇ ಆಗಲಿ. ‘ರುಚಿ ನೋಡುವುದು ತಾನೆ, ಕುಡಿಯುವುದಲ್ಲವಲ್ಲ’ ಎನ್ನುವವರು ಬಹಳ. ವೈನರಿಗಳಲ್ಲಿ ಸಾಮಾನ್ಯವಾಗಿ ಐದು ಬಗೆಯ ವೈನ್ ಕೊಡುತ್ತಾರೆ. ಒಂದೊಂದೂ 40 ಮಿ.ಲೀ. ಎಂದಿಟ್ಟುಕೊಂಡರೆ ಒಟ್ಟು 200 ಮಿ.ಲೀ. ಆಲ್ಕೋಹಾಲ್ ಪ್ರಮಾಣ ಶೇ 13 ಆದರೆ ಹೊಟ್ಟೆಗೆ ಹೋಗುವ ಶುದ್ಧ ಆಲ್ಕೋಹಾಲ್ 26 ಮಿ.ಲೀ., ತೂಕದಲ್ಲಿ ಸುಮಾರು 20 ಗ್ರಾಂ. 70 ಕೆ.ಜಿ. ತೂಗುವ ಗಂಡಸಿನ ರಕ್ತದಲ್ಲಿ ಇದು 100 ಮಿ.ಲೀ.ಗೆ ಸುಮಾರು 43 ಮಿ.ಗ್ರಾಂ. ಆಗುತ್ತದೆ. 55 ಕೆ.ಜಿ. ತೂಗುವ ಹೆಂಗಸಿನಲ್ಲಿ ಸುಮಾರು 68. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹೇಳುವ ಮಿತಿ 30. ಅಂದರೆ ಒಂದು ಸುತ್ತು ರುಚಿ ನೋಡಿ ಎದ್ದ ಇಬ್ಬರೂ ಕಾನೂನಿನ ಲೆಕ್ಕದಲ್ಲಿ ಕುಡಿದವರೇ. ದೇಹ ಗಂಟೆಗೆ ಸುಮಾರು 15 ಮಿ.ಗ್ರಾಂ. ಇಳಿಸುತ್ತದೆ, ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಅದರ ವೇಗ ಹೆಚ್ಚಿಸುವುದಿಲ್ಲ. ಹೀಗಾಗಿ ಪೂರ್ತಿ ಇಳಿಯಲು ಅವನಿಗೆ ಮೂರು ಗಂಟೆ, ಅವಳಿಗೆ ನಾಲ್ಕೂವರೆ ಗಂಟೆ ಬೇಕು. ಇವೆಲ್ಲ ಸರಾಸರಿ ಅಂಕಿಗಳು. ಊಟ ಮಾಡಿದ್ದರೆ ಕೊಂಚ ಕಡಿಮೆ, ಖಾಲಿ ಹೊಟ್ಟೆಯಾದರೆ ಬೇಗ ಏರುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ಸ್ವಂತ ಕಾರಿನ ವಿಮೆ ಹಣಕ್ಕೂ ಸಂಚಕಾರ.

ಇನ್ನು ಮಧ್ಯಾಹ್ನದ ವೈನ್ ಸಫಾರಿಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಆಲ್ಕೋಹಾಲ್ ಮೂತ್ರ ಹೆಚ್ಚಿಸುತ್ತದೆ. ಸಫಾರಿ ಬಸ್ಸಿನಲ್ಲಾಗಲಿ ಜೀಪಿನಲ್ಲಾಗಲಿ ಬಹಳ ಹೊತ್ತು ಕೂತಲ್ಲೇ ಕೂರಬೇಕು, ಇಳಿಯುವಂತಿಲ್ಲ. ಬಿಸಿಲು, ಧೂಳು, ಕುಲುಕಾಟದ ಜೊತೆಗೆ ನೀರಡಿಕೆ ಸೇರಿ ತಲೆನೋವು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಡಿನಲ್ಲಿ ಹುಲಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಜಿಂಕೆಯ ಚುರುಕಾದ ಎಚ್ಚರಿಕೆಯ ಕೂಗು, ಮರದ ತುದಿಯಲ್ಲಿ ಮುಸುವ ಕೆಮ್ಮಿದಂತೆ ಕೊಡುವ ಸೂಚನೆ, ಇವನ್ನು ಹಿಡಿಯಲು ವಾಹನದಲ್ಲಿರುವ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು. ಎರಡು ಗ್ಲಾಸ್ ಒಳಗೆ ಹೋದವರ ದನಿ ಅವರಿಗೆ ಗೊತ್ತಿಲ್ಲದಂತೆಯೇ ಏರಿರುತ್ತದೆ. ಹಣ ಕೊಟ್ಟು ಕೂತ ಉಳಿದವರ ಪಾಲನ್ನೂ ಅದು ಕಸಿಯುತ್ತದೆ.

ಆಮೇಲಿನದು ವಾಪಸ್ ದಾರಿ. ಬಂಡೀಪುರದ ಮೂಲಕ ಹೋಗುವ ಎರಡೂ ಹೆದ್ದಾರಿಗಳಲ್ಲಿ, ಅಂದರೆ ಸುಲ್ತಾನ್ ಬತ್ತೇರಿ ಕಡೆಯ 766 ಮತ್ತು ಊಟಿ ಕಡೆಯ 181ರಲ್ಲಿ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. 2009ರಲ್ಲಿ ಜಿಲ್ಲಾಡಳಿತ ತಂದ ಈ ನಿರ್ಬಂಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದು ಸರಿಯಾದ ನಿರ್ಬಂಧ, ಸಡಿಲಿಸಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಆದರೆ ಸಂಜೆಯ ಕಾರ್ಯಕ್ರಮ ಉದ್ದ ಮಾಡಿಕೊಂಡವರು ಗೇಟು ಬೀಳುವ ಮುನ್ನ ದಾಟಬೇಕೆಂದು 7ರಿಂದ 9ರ ನಡುವೆ ಧಾವಂತದಲ್ಲಿ ಓಡಿಸುತ್ತಾರೆ. ಆನೆ, ಜಿಂಕೆ, ಕಡವೆ ರಸ್ತೆ ದಾಟುವ ಹೊತ್ತೂ ಅದೇ. ಒಂದು ಜಿಂಕೆ ದಾಟಿತೆಂದು ಆಕ್ಸಿಲರೇಟರ್ ಒತ್ತುವವರಿಗೆ ಹಿಂದೆ ಬರುವ ಎರಡನೆಯದು, ಮೂರನೆಯದು ಕಾಣುವುದಿಲ್ಲ. ಒಂದು ದಾಟಿದರೆ ನಿಧಾನಿಸಿ, ಪೊದೆಯತ್ತ ನೋಡಿಯೇ ಮುಂದೆ ಹೋಗಬೇಕು.

ಹಾಗಾದರೆ ಸರಿಯಾದ ಕ್ರಮ ಯಾವುದು? ದೂರಕ್ಕೆ ತಕ್ಕಂತೆ ಮೂರು ದಾರಿಗಳನ್ನು ಹೇಳುತ್ತೇವೆ.

ಒಂದೇ ದಿನ ಕೈಯಲ್ಲಿದ್ದರೆ ನಂದಿ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಬೆಟ್ಟದ ಬುಡದಲ್ಲಿರಬೇಕು. ವಾರಾಂತ್ಯವಾದರೆ ವಾಹನಕ್ಕೆ ಮುಂಗಡ ಬುಕಿಂಗ್ ಬೇಕೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಮೊಬೈಲ್ ಹಿಡಿದು ಮೋಡ ನೋಡಲು ನುಗ್ಗುವ ಗುಂಪಿನ ಜೊತೆ ಹೋಗದೆ, ಮರಗಳ ನೆರಳಿನ ದಾರಿಯಲ್ಲಿ ನಿಧಾನಕ್ಕೆ ನಡೆಯಿರಿ. ಪಶ್ಚಿಮ ಘಟ್ಟದ ನೀಲಗಿರಿ ಕಾಡು ಪಾರಿವಾಳ ಇಷ್ಟು ದೂರದ ಒಂಟಿ ಬೆಟ್ಟದಲ್ಲಿ ನೆಲೆಸಿರುವುದೇ ಒಂದು ಸೋಜಿಗ. ಬಂಡೆ, ಕುರುಚಲು ಗಿಡಗಳಿರುವ ಇಳಿಜಾರುಗಳಲ್ಲಿ ಹಳದಿ ಕತ್ತಿನ ಪಿಕಳಾರವನ್ನು ಹುಡುಕಿ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಿ ಮಾತ್ರ ಇರುವ, ಅಳಿವಿನ ಭೀತಿಯಲ್ಲಿರುವ ಹಕ್ಕಿ ಅದು. ಅದರ ದನಿಯನ್ನು ಮೊಬೈಲಿನಲ್ಲಿ ಹಾಕಿ ಕರೆಯಬೇಡಿ. ಗೂಡಿನ ಕಾಲದಲ್ಲಿ ಅದು ತನ್ನ ಜಾಗ ಕಾಯಲು ಬಂದು ಸುಮ್ಮನೆ ಶಕ್ತಿ ಕಳೆದುಕೊಳ್ಳುತ್ತದೆ. ದುರ್ಬೀನು 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. 10×ನಲ್ಲಿ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. ಕೈಯಲ್ಲಿ ತಿಂಡಿ ಪೊಟ್ಟಣ ಕಂಡರೆ ಕೋತಿಗಳು ಬಿಡುವುದಿಲ್ಲ, ಕಾರಿನ ಗಾಜು ಪೂರ್ತಿ ಏರಿಸಿ.

ಒಂಬತ್ತೂವರೆಗೆ ಬೆಟ್ಟ ಇಳಿದು, ತಿಂಡಿ ಮುಗಿಸಿ, ಹನ್ನೊಂದರ ಹೊತ್ತಿಗೆ ದೊಡ್ಡಬಳ್ಳಾಪುರದ ಕಡೆಯ ರಘುನಾಥಪುರಕ್ಕೆ ಬಂದರೆ ಗ್ರೋವರ್ ಜಂಪಾ ವೈನರಿ. ಭೇಟಿ ಮತ್ತು ಟೇಸ್ಟಿಂಗ್‌ಗೆ ಮೊದಲೇ ಬುಕ್ ಮಾಡಿರಬೇಕು. ವಾಪಸ್ ಬರಲು ಬೆಂಗಳೂರಿನಿಂದಲೇ ಒಬ್ಬ ಆಕ್ಟಿಂಗ್ ಡ್ರೈವರ್ ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ನೆಮ್ಮದಿ. ಅವರ ಒಂದು ದಿನದ ಕೂಲಿ ಎಷ್ಟೇ ಆದರೂ ಆ ದಂಡಕ್ಕಿಂತ ಬಹಳ ಕಡಿಮೆ.

ಎರಡು ಮೂರು ದಿನ ಇದ್ದರೆ ಬಂಡೀಪುರ. ಹೋಗುವಾಗ ಯಾವ ವೈನರಿಗೂ ಇಳಿಯಬೇಡಿ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ದಾಟಿ ಮಧ್ಯಾಹ್ನದ ಹೊತ್ತಿಗೆ ತಂಗುವ ಜಾಗ ಸೇರಿ. ಅಂದು ಸಂಜೆ ಒಂದು ಸಫಾರಿ, ಮರುದಿನ ನಸುಕಿನಲ್ಲಿ ಇನ್ನೊಂದು. ಎರಡರಲ್ಲಿ ಒಂದನ್ನೇ ಆಯ್ಕೆ ಮಾಡಬೇಕಾದರೆ ನಸುಕಿನದನ್ನು ಆರಿಸಿ. ಅದು ಮುಗಿದ ಮೇಲೆ ವಾಪಸ್ ಬರುವಾಗ ಚನ್ನಪಟ್ಟಣದ ಬಳಿಯ ಹೆರಿಟೇಜ್ ವೈನರಿ ಸಿಗುತ್ತದೆ. ಆದರೆ ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸಿನಲ್ಲಿ ದಾಟಿಬಿಡುವುದರಿಂದ ಮೊದಲೇ ಹಳೆಯ ರಸ್ತೆಗೆ ಇಳಿಯಬೇಕು. ಮುಂದೆ ಹೋಗಿಬಿಟ್ಟರೆ ತಿರುಗಿ ಬರುವುದು ತ್ರಾಸ. ನಾಲ್ಕೂವರೆಗೆ ಎದ್ದು ಸಫಾರಿ ಮಾಡಿದ ಮೈಗೆ ಅರ್ಧ ಗ್ಲಾಸೂ ನಿದ್ದೆ ತರುತ್ತದೆ. ಆದ್ದರಿಂದ ಓಡಿಸುವವರು ಅಂದು ಮೂಸಿ ನೋಡಿ ಕೆಳಗಿಡಬೇಕು ಅಷ್ಟೆ. ಅವರ ಪಾಲಿನದು ಬಾಟಲಿಯಲ್ಲಿ ಮನೆಗೆ ಬರಲಿ, ಮುಂದಿನ ಪ್ರವಾಸದಲ್ಲಿ ಸರದಿ ಬದಲಾಗಲಿ.

ಬಂಡೀಪುರಕ್ಕೆ ಹೋಗುವಾಗ ಬಾಟಲಿ ಕೊಳ್ಳಬೇಡಿ ಎನ್ನುವುದಕ್ಕೆ ಬೇರೆ ಕಾರಣವೂ ಇದೆ. ಕಾಡಿನೊಳಗೆ ಮದ್ಯ ತರುವಂತಿಲ್ಲ. ಮುದುಮಲೈ, ಮಸಿನಗುಡಿ, ಊಟಿ ಎಂದು ಮುಂದೆ ಹೋಗುವವರಿಗೆ ಗಡಿಯ ಚೆಕ್‌ಪೋಸ್ಟ್‌ನಲ್ಲಿ ಹೊರರಾಜ್ಯದ ಮದ್ಯಕ್ಕಾಗಿ ತಪಾಸಣೆ ಇರುತ್ತದೆ. ಕೇರಳದ ಕಡೆಯೂ ಅಷ್ಟೇ. ಕರ್ನಾಟಕದ ಬಿಲ್ಲು ತೋರಿಸಿದರೂ ಅಲ್ಲಿ ನಡೆಯುವುದಿಲ್ಲ.

ಮೂರನೆಯದು ಹಂಪಿ ಸೀಮೆ. ಇಲ್ಲಿ ಮಾತ್ರ ಕಾಡಿನ ಹೊತ್ತು ಮಧ್ಯಾಹ್ನದ ಮೇಲೆ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲ, ಜೇನಿನ ಪಾಕ ಸವರಿ ಹೋಗುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಗುಡ್ಡದ ಸಂದಿಗಳಿಂದ ಇಳಿದು ಬರುತ್ತವೆ, ನೋಡುವುದು ವೀಕ್ಷಣಾ ಗೋಪುರದಿಂದ. ದೂರ ಹೆಚ್ಚು, ದುರ್ಬೀನಿಲ್ಲದೆ ಹೋದರೆ ಕಪ್ಪು ಚುಕ್ಕೆಗಳಷ್ಟೇ ಕಾಣುತ್ತವೆ. ಕಾಡಿನ ಹೊತ್ತು ಸಂಜೆಯೇ ಆದ್ದರಿಂದ ಕರಡಿಯ ದಿನ ವೈನ್ ಇಲ್ಲ. ಅದಕ್ಕೆ ಮರುದಿನವನ್ನು ಬೇರೆಯಾಗಿಯೇ ಇಡಬೇಕು. ಕುಷ್ಟಗಿ ಕಡೆಯ ಗುಡ್ಡಗಳಲ್ಲಿ ಕೃಷ್ಮಾ ಎಸ್ಟೇಟ್ಸ್‌ನ ಕ್ಯಾಬರ್ನೆ ಸೊವಿನ್ಯೋ ಎಂಬ ಕೆಂಪು ವೈನ್ ದ್ರಾಕ್ಷಿಯ ತೋಟವಿದೆ. ಮೊದಲೇ ಕೇಳಿ ಒಪ್ಪಿಗೆ ಪಡೆಯದೆ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಸಮಯ ಮಿಕ್ಕರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಬೆಳಿಗ್ಗೆ ಹೋಗಿ ಬನ್ನಿ. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯನ್ನು 2024ರಲ್ಲಿ ಸೇರಿದ ಪಕ್ಷಿಧಾಮ, ಜನ ಕಡಿಮೆ.

ಕಾಲದ ವಿಷಯಕ್ಕೆ ಬಂದರೆ, ಡಿಸೆಂಬರ್ ರಜೆಯಲ್ಲಿ ವೈನರಿಗೆ ಹೋಗಿ ‘ಹಣ್ಣೇ ಇಲ್ಲವಲ್ಲ’ ಎನ್ನುವವರು ತುಂಬ. ನಮ್ಮ ಹವೆಯಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದ ನಿದ್ದೆಗೆ ಹೋಗುವುದಿಲ್ಲ. ಆದ್ದರಿಂದ ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುತ್ತಾರೆ: ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲೆಂದು ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಫಸಲಿಗೆಂದು ಇನ್ನೊಮ್ಮೆ. ಎರಡನೆಯದಾದ ಮೇಲೆ ಹೂವು, ಡಿಸೆಂಬರಿನಲ್ಲಿ ಹಸಿರು ಕಾಯಿ, ಜನವರಿಯಲ್ಲಿ ಬಣ್ಣ, ಫೆಬ್ರುವರಿ–ಮಾರ್ಚ್‌ನಲ್ಲಿ ಕೊಯ್ಲು. ಕೊಯ್ಲಿನ ದಿನಗಳಲ್ಲಿ ಹೋದರೆ ಹಣ್ಣು ಹಿಂಡುವುದು, ಉಕ್ಕಿನ ಟ್ಯಾಂಕಿನಲ್ಲಿ ಹುಳಿಯುವ ವಾಸನೆ, ಎಲ್ಲ ಸಿಗುತ್ತದೆ. ಕಾಡಿಗೂ ಅದು ಒಳ್ಳೆಯ ಕಾಲ. ಎಲೆ ಉದುರಿ ಪೊದೆ ತೆಳುವಾಗಿರುತ್ತದೆ, ಪ್ರಾಣಿಗಳು ಕೆರೆಗಳ ಸುತ್ತ ಸೇರುತ್ತವೆ. ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಎರಡೂ ಕೂಡಿಬರುತ್ತವೆ ಎಂದು ನಾವು ಹೇಳುವುದು ಇದಕ್ಕೇ. ಅದೇ ಹೊತ್ತಿಗೆ ಕಾಳ್ಗಿಚ್ಚಿನ ಭಯವೂ ಶುರುವಾಗುವುದರಿಂದ ಸಿಗರೇಟು, ಬೆಂಕಿಪೊಟ್ಟಣ ಕಾರಿನಿಂದ ಹೊರಗೇ ಬರಬಾರದು. ತೋಟದಲ್ಲಿ ನಡೆಯುವಾಗ ಎಲೆಯ ಮೇಲೆ ನೀಲಿ–ಬಿಳಿ ಚುಕ್ಕೆ ಕಂಡರೆ ಅದು ಬೂಜುರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳಬೇಡಿ.

ರುಚಿ ನೋಡುವ ಬಗೆಯ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಸರಿಯಾಗಿ ನೋಡಿದರೆ ನುಂಗುವ ಅಗತ್ಯವೇ ಇರುವುದಿಲ್ಲ. ಸಫಾರಿಯ ಧೂಳು ಮೂಗಿನಲ್ಲಿ ಕಟ್ಟಿರುತ್ತದೆ. ಮುಖ, ಮೂಗು ತೊಳೆದು ಎರಡು ಗಂಟೆಯಾದರೂ ಬಿಡಿ. ಸೆಂಟು ಹಚ್ಚಬೇಡಿ (ಇದು ಕಾಡಿಗೂ ಸಲ್ಲುವ ನಿಯಮ). ರುಚಿ ನೋಡುವ ಮುನ್ನ ಒಂದು ಗಂಟೆ ಕಾಫಿ, ಎಲೆಯಡಿಕೆ, ಖಾರ ಬೇಡ. ಮೊದಲು ನೊರೆಯ ವೈನ್, ಆಮೇಲೆ ಬಿಳಿ, ರೋಸೆ, ಕೆಂಪು, ಕಡೆಗೆ ಸಿಹಿ. ಕ್ರಮ ತಿರುಗಿದರೆ ಕೆಂಪಿನ ಒಗರು ನಾಲಿಗೆಯಲ್ಲಿ ಕೂತು ಬಿಳಿ ವೈನ್ ನೀರೆನಿಸುತ್ತದೆ. ಗ್ಲಾಸನ್ನು ಕಾಂಡದಲ್ಲಿ ಹಿಡಿದು, ಅಲುಗಿಸದೆ ಒಮ್ಮೆ ಮೂಸಿ. ಸುತ್ತಿಸಿ ಮತ್ತೆ ಮೂಸಿ. ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಸೀಬೆಹಣ್ಣು, ಹಸಿ ದಪ್ಪಮೆಣಸಿನಕಾಯಿ, ಶಿರಾಜ್ ಎಂಬ ಕೆಂಪಿನಲ್ಲಿ ಕಾಳುಮೆಣಸು, ನೇರಳೆ ಸಿಗುವುದು ಈ ಎರಡನೆಯ ಸಲ. ಆಮೇಲೆ ಎರಡು ಚಮಚೆಯಷ್ಟು ಬಾಯಿಗೆ ತೆಗೆದುಕೊಂಡು, ಏಳೆಂಟು ಸೆಕೆಂಡು ನಾಲಿಗೆಯ ಮೇಲೆಲ್ಲ ಆಡಿಸಿ, ತುಸು ಗಾಳಿ ಎಳೆದು, ಉಗುಳುವ ಪಾತ್ರೆಗೆ ಉಗುಳಿ. ಇದರಲ್ಲಿ ನಾಚಿಕೆಯೇನಿಲ್ಲ, ಇದನ್ನೇ ಕಸುಬಾಗಿ ಮಾಡುವವರೆಲ್ಲ ಉಗುಳುತ್ತಾರೆ. ಉಗುಳಿದರೂ ಅಲ್ಪ ಪ್ರಮಾಣ ಒಳಗೆ ಹೋಗಿಯೇ ಇರುತ್ತದೆ, ಬಾಯಲ್ಲಿ ಉಳಿದ ಆಲ್ಕೋಹಾಲ್ ಕಾಲು ಗಂಟೆಯವರೆಗೆ ಪೊಲೀಸರ ಆಲ್ಕೋಮೀಟರ್‌ಗೂ ಗೊತ್ತಾಗುತ್ತದೆ. ನೀರು ಮುಕ್ಕಳಿಸಿ, ಊಟ ಮಾಡಿ, ನಿಧಾನಕ್ಕೆ ಹೊರಡಿ. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕೆಂಬುದು ಚಳಿ ದೇಶದ ಮಾತು. ನಮ್ಮ ಫೆಬ್ರುವರಿಯ 30 ಡಿಗ್ರಿಯಲ್ಲಿ ಕೆಂಪು ವೈನ್ ಬರೀ ಸ್ಪಿರಿಟ್ಟಿನ ಘಾಟು ಹೊಡೆಯುತ್ತದೆ. 16–18 ಡಿಗ್ರಿಗೆ ಇಳಿಯುವಂತೆ ಹತ್ತು ಹದಿನೈದು ನಿಮಿಷ ಐಸಿನಲ್ಲಿಡಿ ಎಂದು ಧೈರ್ಯವಾಗಿ ಕೇಳಿ.

ಕೊಂಡ ಬಾಟಲಿ ಕೆಡುವುದು ಹೆಚ್ಚಾಗಿ ಕಾರಿನಲ್ಲೇ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 50 ಡಿಗ್ರಿ ದಾಟುತ್ತದೆ. ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಸಂದಿಯಲ್ಲಿ ಜಿನುಗುತ್ತದೆ, ಗಾಳಿ ಒಳಸೇರುತ್ತದೆ. ಮನೆಯಲ್ಲಿ ತೆರೆದಾಗ ಬೇಯಿಸಿದ ಹಣ್ಣಿನ ವಾಸನೆ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಎರಡು ಐಸ್‌ಪ್ಯಾಕ್ ಇಟ್ಟು, ಬಾಟಲಿಗಳ ನಡುವೆ ಬಟ್ಟೆ ತುರುಕಿ, ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ಎ.ಸಿ. ಗಾಳಿ ಅಲ್ಲಿಗೆ ತಲುಪುತ್ತದೆ, ಡಿಕ್ಕಿಗೆ ತಲುಪುವುದಿಲ್ಲ. ನೊರೆಯ ವೈನಿನ ಬಾಟಲಿಯೊಳಗೆ ಐದಾರು ಪಟ್ಟು ವಾತಾವರಣದ ಒತ್ತಡವಿರುತ್ತದೆ. ಅದನ್ನು ಬಿಸಿಲಿನ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗುವುದು ಅಪಾಯ. ಬಿಲ್ಲು ಜೊತೆಗಿರಲಿ. ಗಾಂಧಿ ಜಯಂತಿ, ಮತದಾನ ಮುಗಿಯುವವರೆಗಿನ 48 ಗಂಟೆ, ಇಂಥ ದಿನಗಳಲ್ಲಿ ವೈನರಿಯಲ್ಲೂ ಮಾರಾಟವಿಲ್ಲ.

ಕಾಡಿನ ಹೆದ್ದಾರಿಯಲ್ಲಿ ಆನೆ ಎದುರಾದಾಗ ಏನು ಮಾಡಬೇಕೆಂಬುದನ್ನು ಗಂಡ ಹೆಂಡತಿ ಹೊರಡುವ ಮೊದಲೇ ಮಾತಾಡಿಕೊಂಡಿರಬೇಕು. ಆ ಗಳಿಗೆಯಲ್ಲಿ ಒಬ್ಬರು ‘ಹಿಂದೆ ತೆಗಿ’, ಇನ್ನೊಬ್ಬರು ‘ಫೋಟೊ ತೆಗಿ’ ಎಂದರೆ ಕೆಲಸ ಕೆಡುತ್ತದೆ. ಕಿವಿ ಬೀಸುತ್ತ ಮೇಯುತ್ತಿದ್ದರೆ ಅದು ನೆಮ್ಮದಿಯಲ್ಲಿದೆ. ಬೀಸುತ್ತಿದ್ದ ಕಿವಿ ಅಗಲವಾಗಿ ಹರಡಿ ನಿಂತರೆ, ಬಾಲ ಸೆಟೆದರೆ, ಮುಂಗಾಲು ತೂಗುತ್ತಿದ್ದರೆ, ಸೊಂಡಿಲು ಒಳಕ್ಕೆ ಸುರುಳಿಯಾದರೆ ನೀವು ಹತ್ತಿರವಾದಿರಿ ಎಂದು ಅರ್ಥ. ಕಪೋಲದಲ್ಲಿ ಮದದ ನೀರು ಇಳಿಯುವ ಗಂಡಾನೆ, ಮರಿಯಿರುವ ಹಿಂಡು, ಇವುಗಳಿಂದ ಇನ್ನೂ ದೂರ. ಇಂಜಿನ್ ಆರಿಸಬೇಡಿ, ಹಾರ್ನ್ ಒತ್ತಬೇಡಿ, ಹೈಬೀಮ್ ಹಾಕಬೇಡಿ. ಐವತ್ತು ಮೀಟರಾದರೂ ಅಂತರ ಇಟ್ಟುಕೊಂಡು, ಹಿಂದಿನ ವಾಹನಕ್ಕೆ ಹಜಾರ್ಡ್ ಲೈಟಿನ ಸೂಚನೆ ಕೊಟ್ಟು, ನಿಧಾನಕ್ಕೆ ರಿವರ್ಸ್ ಬನ್ನಿ. ಮುಂದಿನ ಕಾರಿಗೆ ಅಂಟಿ ನಿಂತರೆ ಅವರಿಗೂ ಹಿಂದೆ ಬರಲು ಜಾಗವಿರುವುದಿಲ್ಲ, ಬಹಳ ಸಲ ಎಡವಟ್ಟಾಗುವುದು ಅಲ್ಲೇ. ಕಬ್ಬು, ತರಕಾರಿ ಲಾರಿಗಳಿಂದ ರುಚಿ ಕಂಡ ಆನೆಗಳು ವಾಹನ ತಡೆಯುವುದೂ ಇದೆ, ಆದ್ದರಿಂದ ಸೀಟಿನ ಮೇಲೆ ಬಾಳೆಹಣ್ಣು, ಕಬ್ಬು ಬೇಡ. ಪ್ರಾಣಿಗಳನ್ನು ಕೆಣಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಕಾಡಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿಯುವುದಕ್ಕೂ ದಂಡವಿದೆ.

ಕೊನೆಗೆ ಕೆಲವು ಬೇಡಿಕೆಗಳು. ವೈನರಿಗಳು ಉಗುಳುವ ಪಾತ್ರೆಯನ್ನು ಕೇಳುವ ಮೊದಲೇ ಮೇಜಿನ ಮೇಲಿಡಲಿ, 25 ಮಿ.ಲೀ. ಗೆರೆಯಿರುವ ಗ್ಲಾಸ್ ಬಳಸಲಿ, ಕಾರು ಓಡಿಸುವವರಿಗೆ ಅರ್ಧ ದರದ ಟಿಕೆಟಿನಲ್ಲಿ ತೋಟದ ಸುತ್ತಾಟ ಮತ್ತು ತಾಜಾ ದ್ರಾಕ್ಷಿ ರಸ ಕೊಡಲಿ. ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆ ಸಿಕ್ಕಿರುವ ನಾಡಿನಲ್ಲಿ ಅದರ ಒಂದು ಲೋಟ ರಸ ವೈನರಿಯಲ್ಲಿ ಸಿಗದಿದ್ದರೆ ಹೇಗೆ? ಪ್ರವಾಸೋದ್ಯಮ ಇಲಾಖೆ ಕೊಯ್ಲಿನ ಎರಡು ತಿಂಗಳಾದರೂ ಶನಿವಾರ, ಭಾನುವಾರ ದೇವನಹಳ್ಳಿಯಿಂದ ನಂದಿ, ಅಲ್ಲಿಂದ ವೈನರಿ, ಮತ್ತೆ ದೇವನಹಳ್ಳಿ ಎಂದು ಒಂದು ಮಿನಿಬಸ್ ಓಡಿಸಲಿ. 2007ರಲ್ಲೇ ದ್ರಾಕ್ಷಾರಸ ನೀತಿ ತಂದ ಸರ್ಕಾರಕ್ಕೆ ಇದು ದೊಡ್ಡ ಖರ್ಚಲ್ಲ.

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿ. ಕಾಡಿನ ಪ್ರವಾಸದ ಲೇಖನ ಬಂದಾಗಲೆಲ್ಲ ಅದರ ಕೆಳಗೆ ಗೇಟು ತೆರೆಯುವ, ಮುಚ್ಚುವ ಹೊತ್ತು ಮತ್ತು ರಾತ್ರಿ ನಿರ್ಬಂಧದ ಸಮಯವನ್ನು ಚೌಕದಲ್ಲಿ ಹಾಕಿ. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಲಾಗಿತ್ತು. ಅಂಥ ಆದೇಶ ಜಾರಿಯಲ್ಲಿರುವ ವಾರಗಳಲ್ಲಿ ಆ ಚೌಕದ ಮೊದಲ ಸಾಲೇ ಅದಾಗಿರಲಿ.

ಇಂತಿ,
ಓದುಗ ದಂಪತಿ, ಮೈಸೂರು